ಗೊಡ್ಡು ಹೂ

ಕುಷ್ಟಗಿ
ತಾ. ೧೨-೯-೨೦೦೯

ತವರೂರು ಮರಳಿಯಲ್ಲಿರುವ ಶಿವಲೀಲಾಳಿಗೆ, ನಿನ್ನ ಅತ್ತೆಯಾಗಿದ್ದವಳು ಬರೆದದ್ದು.

ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಗಂಡನ ಮನೆ ಬಿಡಿಸಿದವಳೇ ಅದನ್ನು ಬರೆದರೆ ಕಾಗದವೂ ನಕ್ಕೀತು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ಸಾವಕಾಶ ಓದು. ಒಲೆಗೆ ಹಾಕುವುದಿದ್ದರೆ ಪೂರಾ ಓದಿ ಹಾಕು.

ನೀನು ಹೋಗಿ ಆರು ವರ್ಷವಾಯಿತು. ನಿನ್ನ ಜಾಗಕ್ಕೆ ತಂದ ರಂಜಿತಾಳಿಗೂ ಮಕ್ಕಳಾಗಲಿಲ್ಲ. ಮೊನ್ನೆ ಮಗ ಪ್ರಭುರಾಜ, “ಯವ್ವಾ, ಇದೂ ಗೊಡ್ಡ ಐತಿ, ಸೋಮವಾರ ಹಿರೇರನ್ನ ಕರಸೂಣು, ತವರಿಗೆ ಕಳಸೂಣು” ಅಂದ. ಆ ಮಾತು ನನ್ನ ಬಾಯಿಂದಲೇ ಕಲಿತದ್ದು.

ಹಿತ್ತಲಲ್ಲಿ ನಿನ್ನ ಕುಂಬಳದ ತಳಿಯನ್ನೇ ಪ್ರತಿ ಮಿರಗದ ಮಳೆಗೆ ಊರುತ್ತೇನೆ. ಎಲೆಗೆ ಹುಳ ಬಿದ್ದರೆ ಒಲೆಯ ಬೂದಿ, ಬಿಸಿಲು ಜೋರಾದರೆ ಬುಡಕ್ಕೆ ಜೋಳದ ಸೊಪ್ಪೆ. ನೀನು ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಟ್ಟಾಗ, “ಸಾರಿಗೆ ಏನ ಹಾಕ್ಲಿ, ಜೇನಹುಳಾನ?” ಎಂದು ಬೈದಿದ್ದೆ. ಈಗ ನಾನೇ ಬಿಡುತ್ತೇನೆ. ಪರಾತದಲ್ಲಿ ಹರಳು ಹಾಕಿ, ಹುಳ ಕೂತು ಕುಡಿಯುವಷ್ಟು ನೀರನ್ನೂ ಇಡುತ್ತೇನೆ. ಆದರೂ ಒಂದು ಜೇನು ಬರುವುದಿಲ್ಲ. ಸುತ್ತಲಿನ ದಾಳಿಂಬೆ ತೋಟಗಳಿಗೆ ಹುಳ ಸಾಯುವ ಎಣ್ಣೆ ಹೊಡೆಯುತ್ತಾರೆ.

ಜೇನಿಲ್ಲದೆಯೂ ಕಾಯಿ ನಿಲ್ಲುತ್ತಿವೆ. ಅದೇ ನನಗೆ ಹೆದರಿಕೆ.

ನಿನಗೆ ನೆನಪಿರಬೇಕು. ಬುಡದಲ್ಲಿ ಮಿಡಿ ಇಲ್ಲದ, ಉದ್ದ ತೊಟ್ಟಿನ ಹೂಗಳನ್ನು ಗೊಡ್ಡು ಹೂ ಎಂದು ನಾನು ಹರಿದು ಎಸೆಯುತ್ತಿದ್ದೆ. “ಅತ್ತಿ, ಅವು ಗೊಡ್ಡಲ್ಲರಿ, ಗಂಡ ಹೂವು. ಅವನ್ನ ಹರದ್ರ ಮಿಡಿ ಉದುರ್ತಾವ” ಅಂದೆ ನೀನು. “ಗೊಡ್ಡಿನ ಪರ ಗೊಡ್ಡೇ ಮಾತಾಡಬೇಕಲ್ಲ” ಅಂದೆ ನಾನು. ಆದರೂ ನೀನು ದಿನಾ ಬೆಳಗಾಗೆದ್ದು ಗಂಡು ಹೂವಿನ ಎಸಳು ಸುಲಿದು, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಸುಲಿದದ್ದನ್ನು ಅದರ ಬಾಯಲ್ಲೇ ಬೋರಲು ಬಿಟ್ಟು ಬರುತ್ತಿದ್ದೆ. ಹೂವಿನ ಮದುವೆ ಎಂದು ಒಬ್ಬಳೇ ನಗುತ್ತಿದ್ದೆ.

ಈ ಶ್ರಾವಣದಿಂದ ದಿನಾ ಬೆಳಿಗ್ಗೆ ಹೆಣ್ಣು ಹೂವಿನ ಬಾಯಲ್ಲಿ ಸುಲಿದ ಹೂ ಬೋರಲು ಬಿದ್ದಿರುತ್ತದೆ.

ರಂಜಿತಾಳನ್ನು ಕೇಳಿದೆ. “ನನಗ್ಯಾಕ್ರಿ ಹೂವಿನ ಉಸಾಬರಿ, ಎದ್ದ ಕೂಡ್ಲೆ ನಿಮ್ಮ ಬಾಯಿ ಐತೆಲ್ಲ, ಸಾಕು” ಅಂದಳು. ಎರಡು ದಿನ ಕೋಳಿ ಕೂಗುವಾಗಲೇ ಎದ್ದು ಒಗೆಯುವ ಕಲ್ಲಿನ ಮೇಲೆ ಕೂತೆ. ಯಾರೂ ಬರಲಿಲ್ಲ. ಬಳ್ಳಿಯೊಳಗೆ ಗಾಜಿನ ಬಳೆ ಸಪ್ಪಳ ಮಾತ್ರ ಕೇಳಿಸಿತು. ನಾನು ಬಳೆ ತೆಗೆದಿಟ್ಟು ಹನ್ನೊಂದು ವರ್ಷ. ಮುಖ ತೊಳೆಯಲು ಹೋದರೆ ನನ್ನ ಬೆರಳ ತುದಿಯೇ ಹಳದಿ. ಸೋಪು ಹಚ್ಚಿ ಎರಡು ಸಲ ತಿಕ್ಕಿದೆ.

ಸತ್ತವರು ಕಾಡಿದರೆ ಎಡೆ ಇಟ್ಟು ಕೈ ಮುಗಿಯಬಹುದು. ನೀನು ಬದುಕಿರುವವಳು, ಅಂಗನವಾಡಿಯಲ್ಲಿ ಊರ ಮಕ್ಕಳಿಗೆ ಉಣ್ಣಿಸುವವಳು. ನಿನಗೆ ಏನು ಇಡಲಿ?

ಅಂದು ಉಡಿ ತುಂಬದೆ ನಿನ್ನನ್ನು ಬಸ್ಸು ಹತ್ತಿಸಿದೆ. ಇದರೊಳಗೆ ಐದು ಬೀಜ ಇಟ್ಟಿದ್ದೇನೆ. ನಿನ್ನವೇ. ಮಗಳ ಮಗಳು ದೀಪಿಕಾ ಇದನ್ನು ಅಂಚೆಗೆ ಹಾಕುತ್ತಾಳೆ. ಅವಳಿಗೆ ಓದಲು ಕೊಟ್ಟಿಲ್ಲ.

ನಿನ್ನನ್ನು ಸೊಸೆ ಎನ್ನುವ ಬಾಯಿ ಉಳಿಸಿಕೊಳ್ಳದ
ವಿರೂಪಾಕ್ಷಮ್ಮ

ತಾ.ಕ.: ನೀವಿಬ್ಬರೂ ಕೊಪ್ಪಳದಲ್ಲಿ ತಪಾಸಣೆ ಮಾಡಿಸಿದ ಕಾಗದ ಬಸ್ಸಿನಲ್ಲಿ ಕಳೆಯಿತು ಅಂದಿದ್ದೆನಲ್ಲ, ಕಳೆದಿಲ್ಲ. ಬೀಜದ ಗಡಿಗೆಯ ತಳದಲ್ಲಿದೆ. ತರಲು ಹೋದಾಗ ಡಾಕ್ಟರು ಬಿಡಿಸಿ ಹೇಳಿದ್ದರು: “ಸೊಸಿಗೆ ಏನೂ ಕಮ್ಮಿ ಇಲ್ಲವ್ವಾ. ಕೊರತೆ ಮಗನದು ಐತಿ.” ಮಗನ ಮುಖ ಊರಲ್ಲಿ ಕೆಳಗಾಗಬಾರದೆಂದು ಮರು ತಿಂಗಳೇ ನಿನ್ನನ್ನು ಕಳಿಸಿದೆ. ಸೋಮವಾರ ಅದನ್ನು ಹಿರಿಯರ ಮುಂದೆ ಬಿಚ್ಚುತ್ತೇನೆ. ಮಿರಗದಲ್ಲಿ ಬೀಜ ತೆಗೆದ ಮೇಲೆ ಗಡಿಗೆಯ ಬಾಯಿಯನ್ನು ನಾನೇ ಸೆಗಣಿಯಿಂದ ಮೆತ್ತಿದ್ದೆ. ಇವತ್ತು ನಿನ್ನ ಐದು ಬೀಜಕ್ಕಾಗಿ ಬಿರುಕಿಲ್ಲದ ಆ ಸೆಗಣಿಯನ್ನು ಒಡೆದೆ. ತಳದಲ್ಲಿ ಮಡಿಸಿಟ್ಟಿದ್ದ ಕಾಗದದ ಮೇಲೆ ಹಳದಿ ಪುಡಿ ಇತ್ತು.