ರುದ್ರಾಣಿಯ ಪಾಲಿನ ರಸಾಯನ

೧೨ ಏಪ್ರಿಲ್ ೧೯೦೯, ಸೋಮವಾರ. ನಂಜನಗೂಡು

ಆಫೀಸಿಗೆ ಇವತ್ತೂ ತಡ. ಅಮಲ್ದಾರರ ಮುಖ ಗಂಟು. ಏನೆಂದು ಹೇಳಲಿ — ಕೆಂಚ ನನ್ನ ರುಮಾಲು ಕಚ್ಚಿಕೊಂಡು ಓಡಿತು, ಹೊಳೆಯ ಮೆಟ್ಟಿಲ ತನಕ ಅದರ ಹಿಂದೆ ಓಡಿದೆ ಎಂದೇ?

ರುದ್ರಾಣಿ ತವರಿನಿಂದ ತಂದ ನಾಯಿ. ಎಷ್ಟು ಕುಣಿಯುತ್ತಿದ್ದರೂ ಅವಳು ಬೆರಳೆತ್ತಿದರೆ ಕೂರುತ್ತಿತ್ತು. ಆರನೇ ತಿಂಗಳಿಗೆ ಹೊಟ್ಟೆಯ ಕೂಸು ಹೋಯಿತು. ಸುಧಾರಿಸಿಕೊಂಡು ಬರುತ್ತೇನೆಂದು ಅವಳು ತವರಿಗೆ, ಹೆಮ್ಮಿಗೆಗೆ ಹೋದಳು. ನಾಲ್ಕು ತಿಂಗಳಾಯಿತು. ಅಂದಿನಿಂದ ಇದಕ್ಕೆ ಹುಚ್ಚು ಹಿಡಿದಂತಾಗಿದೆ. ಗಾಡಿ ಸದ್ದಾದರೆ ಬೆಚ್ಚಿಬೀಳುತ್ತದೆ. ಕಿವಿ ಕೆರೆದು ಕೆರೆದು ರಕ್ತ.

ವಿರಹ ಅಲ್ಲದೆ ಇನ್ನೇನು! ಈ ಮನೆಯಲ್ಲಿ ನನ್ನ ಸಂಕಟ ತಿಳಿದದ್ದು ಇದೊಂದಕ್ಕೇ.

೧೯ ಏಪ್ರಿಲ್

ಅವ್ವನ ಪೂಜೆ ಮುಗಿಯಿತು. ರಸಬಾಳೆ, ಬೆಲ್ಲ, ತುಪ್ಪ, ಹಾಲು ಕಲಸಿದ ರಸಾಯನ. ದಿನವೂ ಮೂರು ಪಾಲು — ಅವ್ವನಿಗೆ, ನನಗೆ, ರುದ್ರಾಣಿಗೆ. ಪ್ರಸಾದ ಮಿಗಿಸುವಂತಿಲ್ಲ, ಚೆಲ್ಲುವಂತಿಲ್ಲ. ಒಂದು ಪಾಲು ಕಡಿಮೆ ಮಾಡು ಎಂದರೆ ಅವ್ವ ಕೇಳಳು.

“ಸೊಸೆ ಪಾಲು ಎತ್ತಿಡ್ದೆ ಇದ್ರೆ ಅವಳು ಮನೆ ಬಿಟ್ಟೋದ್ಲು ಅಂತಾಯ್ತದೆ ಕಣೋ. ಅವಳ ನಾಯೇ ತಿನ್ಲಿ.”

ಕೆಂಚ ಬಟ್ಟಲನ್ನು ನೆಕ್ಕಿ ಹೊಳೆಸಿತು.

ಹೆಮ್ಮಿಗೆಗೆ ಕಾಗದ ಹಾಕಿದೆ. ಓದಿ ಹೇಳುವವನು ಅವಳ ತಮ್ಮ. ಮನಸ್ಸಿನಲ್ಲಿದ್ದದ್ದು ಹೇಗೆ ಬರೆಯಲಿ? ‘ಕೆಂಚ ನಿನ್ನನ್ನೇ ಹಂಬಲಿಸಿ ಸೊರಗಿದೆ’ ಎಂದಷ್ಟೇ.

೨ ಮೇ, ಭಾನುವಾರ

ಅವಳೇ ಬಂದಳೆಂದು ಗಾಡಿಯತ್ತ ಓಡಿದೆ. ಇಳಿದವನು ಭಾವಮೈದ ಚಿಕ್ಕಬಸಪ್ಪ. ನಾಯಿಯ ಕಿವಿ ಮಡಿಸಿ ನೋಡಿದ, ಹೊಟ್ಟೆ ಒತ್ತಿದ, ಬಟ್ಟಲು ಮೂಸಿದ. ಬಿದ್ದು ಬಿದ್ದು ನಕ್ಕ.

“ಅಕ್ಕನ ಅಂಬಲಾನೂ ಇಲ್ಲ, ಮಣ್ಣೂ ಇಲ್ಲ ಕಣ್ ಭಾವ! ದಿನಾ ಮದ್ವೆ ಊಟ ಆಕ್ತಾ ಇದ್ದೀರಿ. ಬೆಲ್ಲ, ಆಲು ಇದರ ಮೈಗೆ ಆಗಕ್ಕಿಲ್ಲ. ಮರಿಯಾಗಿದ್ದಾಗ್ಲೂ ಇಂಗೇ ಕೆರ್ಕತಿತ್ತು. ರಾಗಿ ಮುದ್ದೆ, ಬೇಸಿದ ಉರುಳಿಕಾಳು ಆಕಿ, ಸಾಕು.”

“ನಿನ್ನಕ್ಕ ಏನಂದಳು?”

“ನಾಯಿ ಕಾಯ್ಲೆ ಜಾಸ್ತಿಯಾದ್ರೆ ಬತ್ತೀನಿ ಅಂದವ್ಳೆ.”

೧೨ ಮೇ

ಆ ಮೂರನೇ ಪಾಲನ್ನು ಈಗ ಅವ್ವನೇ ತಿನ್ನುತ್ತಾಳೆ, ಗೊಣಗುತ್ತ. ಹತ್ತೇ ದಿನಕ್ಕೆ ಕೆಂಚ ಬೇರೆಯೇ ನಾಯಿ. ಗಾಯ ಒಣಗಿದೆ. ಬೆಳಿಗ್ಗೆ ಹೊಳೆದಂಡೆಯಲ್ಲಿ ಬೇಕಾದಷ್ಟು ಓಟ, ಆಮೇಲೆ ಜಗಲಿಯಲ್ಲಿ ಗೊರಕೆ. ಗಾಡಿ ಹೋದರೆ ಕಣ್ಣೂ ಬಿಡದು.

ಎಂಥ ದ್ರೋಹಿ! ಒಂದು ಮುದ್ದೆಗೆ ಅವಳನ್ನು ಮರೆತೇಬಿಟ್ಟಿತಲ್ಲ. ಈಗ ಗಾಡಿ ಸದ್ದಿಗೆ ಬೆಚ್ಚುವವನು ನಾನೊಬ್ಬನೇ.

೧೩ ಮೇ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ. ನನ್ನ ಪಾಲಿನ ರಸಾಯನವನ್ನು ಅವ್ವನ ಕಣ್ಣು ತಪ್ಪಿಸಿ ಕೆಂಚನ ಬಟ್ಟಲಿಗೆ ಹಾಕಿದೆ. ಕಾಯಿಲೆ ಜಾಸ್ತಿಯಾದರೆ ಬರುತ್ತಾಳಂತಲ್ಲ...

೧೭ ಮೇ

ನಾಲ್ಕು ದಿನ ಹಾಕಿದೆ. ಕಿವಿ ಮತ್ತೆ ಹುಣ್ಣು. ಕೆರೆಯಲಾರದೆ ನನ್ನ ಮೊಣಕಾಲಿಗೆ ತಲೆ ಉಜ್ಜಿ ಕುಂಯ್ ಎಂದಿತು. ಹೀಗೆ ಮಾಡಿದವನು ನಾನೇ ಎಂದು ಅದಕ್ಕೇನು ಗೊತ್ತು. ಥೂ ನನ್ನ ಜನ್ಮಕ್ಕೆ!

ಬಟ್ಟಲು ತೊಳೆದು ಮುದ್ದೆ ಹಾಕಿದೆ. ಕಾಗದ ಬರೆದೆ: ‘ಕೆಂಚನಿಗೆ ಗುಣವಾಗುತ್ತದೆ. ಅದರ ಸಲುವಾಗಿ ನೀನು ಬರಬೇಕಾಗಿಲ್ಲ.’ ಮುಂದಿನ ಸಾಲಿಗೆ ಎರಡು ಸಲ ಲೇಖನಿಯನ್ನು ಶಾಯಿಗೆ ಅದ್ದಿದೆ. ಆಗಲಿಲ್ಲ. ಹಾಗೇ ಟಪಾಲಿಗೆ ಹಾಕಿದೆ.

೫ ಜೂನ್

ಉತ್ತರವಿಲ್ಲ. ಎಲ್ಲಿಂದ ಬಂದೀತು? ಬರಬೇಕಾಗಿಲ್ಲ ಎಂದು ಬರೆದ ಮಹಾರಾಯ ನಾನೇ ಅಲ್ಲವೇ! ಕೂಸು ಹೋದ ದಿನವೂ ಅವಳ ಹತ್ತಿರ ಒಂದು ಮಾತಾಡಲಿಲ್ಲ. ಎದ್ದು ಆಫೀಸಿಗೆ ಹೋದೆ.

ಅವ್ವ ಇವತ್ತು ಕೇಳಿಯೇಬಿಟ್ಟಳು: “ಅಂಚೆಯವನ ದಾರಿ ನೋಡ್ತಾ ಕೂತಿದ್ದೀಯಲ್ಲ, ಕಾಲಿಲ್ವೇನೋ ನಿಂಗೆ?”

ಮೂರು ದಿನ ಲೀವು ಕೇಳಿದೆ. ಸಿಕ್ಕಿತು.

೭ ಜೂನ್. ಹೆಮ್ಮಿಗೆ

ನರಸೀಪುರದ ತನಕ ಗಾಡಿ, ಅಲ್ಲಿಂದ ನಡಿಗೆ. ಕೆಂಚನನ್ನು ಬೇಕೆಂದೇ ಕರೆತರಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ — ರುದ್ರಾಣಿ, ನೀನಿಲ್ಲದೆ ನನಗೆ ಆಗುತ್ತಿಲ್ಲ, ಮನೆಗೆ ಬಾ.

ಬಾಗಿಲು ತೆಗೆದವಳು ಅವಳೇ. ತುಂಬ ಬಡವಾಗಿದ್ದಾಳೆ.

ನನ್ನ ಬಾಯಿಂದ ಬಂದದ್ದು — “ಕೆಂಚ ಚೆನ್ನಾಗಿದೆ.”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ನನ್ನ ಮುಖವನ್ನೇ ನೋಡಿದಳು.

“ನೀವು?”

“ನಾನು ಚೆನ್ನಾಗಿಲ್ಲ” ಎಂದೆ.