ಮಾವ ಮಾಡಿದ ಬರ್ಗರ್

ಅಂಗಡಿಯ ಕಟ್ಟಿಂಗ್ ಮೇಜಿನಿಂದ,
ಮಾರ್ಚ್ ೯, ಭಾನುವಾರ

ನನ್ನ ಗುಂಡನಿಗೆ ಅಪ್ಪನ ಪ್ರೀತಿ.

ಕೆಮ್ಮು ಹೇಗಿದೆ? ಸುರಂಗದೊಳಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಮೇಸ್ತ್ರಿ ನೋಡುವಾಗ ಮಾತ್ರವೋ? ಹಿಂದೆ ಹೊಲಿದು ಕಳಿಸಿದ ಮಾಸ್ಕುಗಳನ್ನು ಗೆಳೆಯರಿಗೆ ಹಂಚಿಬಿಟ್ಟಿರುತ್ತೀ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಅದಕ್ಕೇ ಈ ಸಲ ಒಂದು ಕಟ್ಟು ಕಳಿಸುತ್ತಿದ್ದೇನೆ. ಫೋನ್ ಹಚ್ಚಿದರೆ ಆ ಬೆಟ್ಟದ ಕ್ಯಾಂಪಿನಿಂದ 'ಹಲೋ ಹಲೋ' ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ನಿಮ್ಮ ಕ್ಯಾಂಪಿಗೆ ಸಾಮಾನು ಒಯ್ಯುವ ಲಾರಿ ಮಧ್ಯಾಹ್ನ ಹೊರಡುತ್ತದಂತೆ, ಅಷ್ಟರೊಳಗೆ ಬರೆದು ಡ್ರೈವರ್ ಕೈಗೆ ಕೊಡಬೇಕು. ನನ್ನ ಮಂಡಿ ಮೊದಲಿನಷ್ಟೇ ನೋಯುತ್ತಿದೆ, ಹೊಸದೇನಿಲ್ಲ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಇದು ನಿನ್ನ ಸಮಾಧಾನಕ್ಕೆ ಬರೆಯುವ ಮಾತಲ್ಲ. ಕೂತು ಓದು, ಹೇಳುತ್ತೇನೆ.

ನೀನು ಹೊರಟ ಮೇಲೆ ಅವಳ ವಾಂತಿ ನಿಲ್ಲಲಿಲ್ಲ ಎಂಬುದು ನಿನಗೆ ಗೊತ್ತು. ಕೊಟ್ಟದ್ದನ್ನು ತಿನ್ನುತ್ತಿದ್ದಳು, ಅರ್ಧ ಹೊಟ್ಟೆಗೆ, ಅರ್ಧ ಬಚ್ಚಲಿಗೆ. ಆದರೆ ನನಗೆ ಹೆದರಿಕೆಯಾದದ್ದು ಅದಕ್ಕಲ್ಲ. ಅವಳು ಯಾವುದನ್ನೂ ಬೇಕು ಎನ್ನುತ್ತಿರಲಿಲ್ಲ. "ಏನು ತಿನ್ನಬೇಕು ಅನ್ಸುತ್ತಮ್ಮಾ?" ಎಂದು ಕೇಳಿದರೆ, "ಏನಾದ್ರೂ ಆಗುತ್ತೆ ಮಾವ." ದಿನವೂ ಅದೇ ಉತ್ತರ. ನಿನ್ನ ಅಮ್ಮ ನಿನ್ನನ್ನು ಹೊತ್ತಿದ್ದಾಗ ನನ್ನನ್ನು ಊರೆಲ್ಲ ಸುತ್ತಿಸಿದವಳು. ತಂದದ್ದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಓಡಿಸುತ್ತಿದ್ದಳು. ಬಸುರಿ ಹೆಂಗಸು ಇಷ್ಟು ಸದ್ದಿಲ್ಲದೆ ಇರುವುದನ್ನು ನಾನು ಕಂಡಿರಲಿಲ್ಲ. ಹೋದ ವರ್ಷ ಆ ಕೂಸು ಹುಟ್ಟುವ ಮೊದಲೇ ಹೋದದ್ದು ನಮ್ಮೆಲ್ಲರನ್ನೂ ಅಲ್ಲಾಡಿಸಿತು, ನಿಜ. ನೀನೂ ನಾನೂ ಹೇಗೋ ಕೆಲಸದಲ್ಲಿ ಮುಖ ಹುದುಗಿಸಿಕೊಂಡೆವು. ಅವಳು ಮಾತ್ರ ಈ ಸಲ 'ಮಗು' ಎಂಬ ಮಾತನ್ನೇ ಬಾಯಿಂದ ತೆಗೆಯುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಐದನೇ ತಿಂಗಳು" ಎನ್ನುತ್ತಿದ್ದಳು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ಮೊನ್ನೆ ಗುರುವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿ ಒಂದು ಕೋಟಿಗೆ ಲೈನಿಂಗ್ ಹಾಕುತ್ತಿದ್ದೆ. ಅವಳು ಮನೆಯಿಂದ ಮೆಟ್ಟಿಲಿಳಿದು ಬಂದು ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುತ್ತ ನಿಂತಳು. "ಮಾವ, ನಗಬೇಡಿ. ಬರ್ಗರ್ ತಿನ್ನಬೇಕು ಅನ್ನಿಸ್ತಿದೆ" ಎಂದಳು. ನಾನು ತಲೆಯೆತ್ತುವಷ್ಟರಲ್ಲಿ, "ಬೇಡ ಬಿಡಿ, ಸುಮ್ನೆ ಅಂದೆ" ಎಂದು ಹೊರಟೇ ಹೋದಳು. ಗುಂಡಾ, ಆ ಕ್ಷಣಕ್ಕೆ ಯಾರಾದರೂ ಬಂದು ಆಕಾಶಕ್ಕೆ ಅಂಗಿ ಹೊಲಿದುಕೊಡು ಎಂದಿದ್ದರೂ ಅಳತೆ ತೆಗೆದುಕೊಳ್ಳುತ್ತಿದ್ದೆ.

ಬರ್ಗರ್ ಎಂದರೆ ಬನ್ನಿನ ಮಧ್ಯೆ ಏನೋ ಇಟ್ಟು ಬಾಯಿ ಅಗಲಿಸಿ ತಿನ್ನುವುದು, ಇಷ್ಟೇ ನನಗೆ ತಿಳಿದದ್ದು. ಕೊಂಡು ತರೋಣವೆಂದರೆ, ಹೊರಗಿನ ಮಾಂಸ ಸುತರಾಂ ಬೇಡ, ಮನೆಯಲ್ಲಿ ಚೆನ್ನಾಗಿ ಬೇಯಿಸಿ ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಸರಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಖೀಮಾ, ಮೈದಾ, ಯೀಸ್ಟು ಎಲ್ಲ ತಂದೆ. ಕುಕ್ಕರಿನಲ್ಲಿ ಬೇಯಿಸಿದ ಮೊದಲ ಸಲದ ಬನ್ನನ್ನು ಮೇಜಿನ ಮೇಲೆ ಇಟ್ಟಾಗ ಟಣ್ ಎಂದಿತು. ಖೀಮಾ ಬಿಲ್ಲೆಯಂತೂ ಓವರ್‌ಲಾಕ್ ಹಾಕದ ಬಟ್ಟೆಯ ಅಂಚಿನ ಹಾಗೆ ಬಾಣಲೆಯಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅದರ ಮೇಲೆ ಈರುಳ್ಳಿ ಹುರಿದ ವಾಸನೆಗೆ ಅವಳು ಮೂಗು ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ತಿನ್ನಿಸಲು ಹೋಗಿ ಇದ್ದದ್ದನ್ನೂ ಕಕ್ಕಿಸಿದೆನಲ್ಲ ಎಂದು ನನಗೆ ಅಳುವೇ ಬಂತು. "ಸಾಕು ಮಾವ, ಬಿಟ್ಬಿಡಿ" ಎಂದಳು ಬಾಗಿಲ ಹಿಂದಿನಿಂದ. ಬಿಡುವ ಜಾತಿಯೇ ನಾನು? ಎದುರು ಮನೆಯ ನರ್ಸಮ್ಮನ ಬಾಗಿಲು ತಟ್ಟಿದೆ. ಅವರು ಡ್ಯೂಟಿ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನನ್ನ ಕಥೆ ಕೇಳಿ, ನಗು ತಡೆದುಕೊಂಡು, "ಮೊಟ್ಟೆ ಒಡೆದು ಹಾಕಿ, ಬ್ರೆಡ್ ಪುಡಿ ಬೆರೆಸಿ, ಹಿಡ್ಕೊಳ್ಳುತ್ತೆ. ಹಿಟ್ಟನ್ನ ಉಬ್ಬೋಕೆ ಬಿಡ್ಲೇ ಇಲ್ವಾ ನೀವು?" ಎಂದರು. ಹಿಟ್ಟಿಗೂ ಕಾಯಬೇಕೆಂದು ನನಗೇನು ಗೊತ್ತು? ತಮ್ಮ ಓವನ್ನನ್ನೂ ಬಿಟ್ಟುಕೊಟ್ಟರು, ಪುಣ್ಯಾತ್ಗಿತ್ತಿ. ಈ ನಡುವೆ ಕೋಟಿನವರು ಟ್ರಯಲ್ ನೋಡಲು ಬಂದು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ನನ್ನನ್ನು ಕಂಡು, "ಏನ್ ಯಜಮಾನ್ರೇ, ಬೇಕರಿ ತೆಗೆದ್ರಾ?" ಎಂದರು. "ಮೊಮ್ಮಗು ಬರ್ಗರ್ ಆರ್ಡರ್ ಕೊಟ್ಟಿದೆ, ನಿಮ್ಮ ಕೋಟು ಆಮೇಲೆ" ಎಂದು ಕಳಿಸಿದೆ.

ಅಂದು ಆಗಲಿಲ್ಲ. ಶುಕ್ರವಾರ ಮತ್ತೆ ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟು, ಅದು ಹೊಟ್ಟೆ ಉಬ್ಬಿಸಿಕೊಳ್ಳುವುದನ್ನೇ ನೋಡುತ್ತ ಕೂತೆ. ಈರುಳ್ಳಿಯನ್ನು ಹಸಿಯಾಗಿಯೂ ಮುಟ್ಟಲಿಲ್ಲ. ವಾಸನೆ ಒಳಗೆ ನಿಲ್ಲಬಾರದೆಂದು ಸಣ್ಣ ಗ್ಯಾಸ್ ಒಲೆಯನ್ನು ತಾರಸಿಗೆ ಹೊತ್ತುಕೊಂಡು ಹೋದೆ. (ಮಂಡಿಯ ವಿಷಯ ಈಗ ತೆಗೆಯಬೇಡ.) ಬಿಲ್ಲೆಗಳು ಈ ಸಲ ಮರ್ಯಾದೆಯಿಂದ ಒಂದಾಗಿ ನಿಂತವು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅವಳು ತಾನೇ ಮೇಲೆ ಬಂದಳು. ಬನ್ನು ಸೀಳಿ, ಬಿಲ್ಲೆ ಇಟ್ಟು, ಟೊಮೇಟೊ, ಸೌತೆಕಾಯಿ, ಚೀಸು, ಸಾಸು ಎಲ್ಲ ಪೇರಿಸಿ ಕೈಗೆ ಕೊಟ್ಟೆ. ನಾನು ಬೇರೆ ಕಡೆ ತಿರುಗಿ ಒಲೆ ಒರೆಸುವವನ ಹಾಗೆ ನಟಿಸುತ್ತಿದ್ದೆ. ತಿರುಗಿ ನೋಡಿದರೆ ನೀರಿನ ಟ್ಯಾಂಕಿಗೆ ಒರಗಿ ಕೂತು, ಗಲ್ಲಕ್ಕೆಲ್ಲ ಸಾಸು ಮಾಡಿಕೊಂಡು, ಎರಡು ಕೈಯಲ್ಲೂ ಹಿಡಿದು ಗಬಗಬನೆ ತಿನ್ನುತ್ತಿದ್ದಾಳೆ! ಪೂರ್ತಿ ಮುಗಿಸಿದಳು. ಬೆರಳು ನೆಕ್ಕಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಒರೆಸುವ ಬಟ್ಟೆ ಬಿಸಾಕಿ ಹತ್ತಿರ ಹೋದೆ. ಖಾರವಾಯಿತೇ, ನೋವಾಯಿತೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದಳು. "ಹೋದ ಸಲ ತುಂಬಾ ಆಸೆ ಪಟ್ಟಿದ್ದೆ ಮಾವ. ಅದಕ್ಕೇ ಈ ಸಲ ಏನೂ ಬೇಕು ಅನ್ನಬಾರದು ಅಂತ ಬಿಗಿ ಹಿಡ್ಕೊಂಡಿದ್ದೆ. ಇದಕ್ಕೆ ಮಾತ್ರ ತಡ್ಕೊಳ್ಳೋಕೆ ಆಗ್ಲಿಲ್ಲ. ನಾನಲ್ಲ ಮಾವ ಕೇಳಿದ್ದು, ಮಗು ಕೇಳ್ತು" ಎಂದಳು. ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆಸೆ ಪಟ್ಟದ್ದಕ್ಕೆ ಯಾರೂ ಮಗು ಕಳೆದುಕೊಳ್ಳುವುದಿಲ್ಲ, ಹುಚ್ಚಮ್ಮಾ, ಎಂದು ಹೇಳಬೇಕಿತ್ತು. "ಇನ್ನೊಂದು ಮಾಡ್ಲಾ?" ಎಂದಷ್ಟೇ ಕೇಳಿದೆ. ಕಣ್ಣೊರೆಸಿಕೊಂಡು, "ಚೀಸ್ ಜಾಸ್ತಿ ಹಾಕಿ" ಎಂದಳು. ಎರಡನೆಯದೂ ಹೊಟ್ಟೆಯಲ್ಲೇ ಉಳಿಯಿತು. ನಿನ್ನೆಯಿಂದ ಅನ್ನವೂ ಹಿಡಿಸುತ್ತಿದೆ.

ಮೈ ನೋಡಿಕೊಂಡು ಕೆಲಸ ಮಾಡು. ನಿನ್ನ ಕೈಕೆಳಗಿನ ಹುಡುಗರ ಮೇಲೆ ರೇಗಬೇಡ. ನೀನು, ಅವಳು, ಬರುವ ಆ ತಿಂಡಿಪೋತ, ಮೂವರೂ ನೂರು ಕಾಲ ತಣ್ಣಗಿರಿ.

ಇಂತಿ,
ಬರ್ಗರ್ ಭಟ್ಟನಾದ ನಿನ್ನ ಅಪ್ಪ

ಮರೆತ ಮಾತು: ಡ್ರೈವರ್ ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆಗೆ ಅಂಟು ಹಚ್ಚುವಾಗ ಅವಳು ಬಂದು ಕಾಗದ ಕಿತ್ತುಕೊಂಡು ಪೂರ್ತಿ ಓದಿದಳು. ನಾಚಿಕೊಂಡು ಹರಿದು ಹಾಕುತ್ತಾಳೆಂದು ಹೆದರಿದ್ದೆ. ಹರಿಯಲಿಲ್ಲ. "ಬರ್ಗರ್ ಬೇಕು ಅಂದಿದ್ದು ಬರ್ದಿದ್ದೀರಿ. ಅವರು ಬೇಕು ಅಂತ ಕೇಳ್ತಿದ್ದೀನಿ ಅಂತಾನೂ ಬರೀರಿ" ಎಂದಳು. ಬರೆದಿದ್ದೇನೆ. ಇದೇ ಲಾರಿ ತಿರುಗಿ ಬರುವಾಗ ಹತ್ತಿಕೊಂಡು ಬಾ.