ಹಿಡಿ ಮಾಮನ ಒಂದು ನಾಣ್ಯ

ಪ್ರೀತಿಯ ಹಿಡಿ ಮಾಮ,

ನಿಮ್ಮ ಮಗಳು ಇವತ್ತು ಬೆಳಿಗ್ಗೆಯೂ ಫೋನ್ ಮಾಡಿದ್ದಳು. "ಅಪ್ಪ ನಿದ್ದೇಲೂ ಅದನ್ನೇ ಕೇಳ್ತಾರೆ ಕಣೆ. ಆ ಒಂದು ನಾಣ್ಯ ಕೊಟ್ಟು ಲೆಕ್ಕ ಮುಗಿಸಿಬಿಡು" ಅಂದಳು. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ. ಹಾಸಿಗೆ ಹಿಡಿದ ಹಿರಿಯರಿಗೆ ಒಂದೇ ಒಂದು ನಾಣ್ಯ ಬಾಕಿ ಇಟ್ಟುಕೊಂಡು ಸತಾಯಿಸುವ ಹೆಂಗಸನ್ನು ಯಾರಾದರೂ ಏನೆಂದುಕೊಳ್ಳಬೇಕು? ಯಾಕೆ ಕೊಡುತ್ತಿಲ್ಲ ಎಂದು ಫೋನಿನಲ್ಲಿ ಹೇಳಹೊರಟರೆ ನೀವು ನಗುತ್ತೀರಿ, ನಾನು ಸೋಲುತ್ತೇನೆ. ಅದಕ್ಕೇ ಈ ಕಾಗದ. ಅವಳು ಓದಿ ಹೇಳಲಿ, ನೀವು ಕಣ್ಣು ಮುಚ್ಚಿ ಕೇಳಿ. ಮುಚ್ಚಿ ಅಂದೆ ಅಷ್ಟೆ, ಮುಚ್ಚಿಕೊಂಡೇ ಇರಿ ಅನ್ನಲಿಲ್ಲ.

ನಿಮಗೆ ಹಿಡಿ ಮಾಮ ಎಂದು ಹೆಸರಿಟ್ಟವಳು ನಾನೇ. ನಮ್ಮ ಅಂಗಡಿಗೆ ಬಟ್ಟೆಯವರು ಬಟ್ಟೆ ತರುತ್ತಿದ್ದರು, ಕಡ್ಡಿಯವರು ಕಡ್ಡಿ ತರುತ್ತಿದ್ದರು, ನೀವು ಕಡೆದ ಮರದ ಹಿಡಿ ತರುತ್ತಿದ್ದಿರಿ. ಮೂರೂ ಸೇರಿದರೆ ಕೊಡೆ. ನೀವು ಚೀಲ ಇಳಿಸಿದ ಕೂಡಲೇ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟು "ಹಿಡಿ" ಅನ್ನುತ್ತಿದ್ದಿರಿ. ಸಾಮಾನಿನ ಹೆಸರು ಹೇಳುತ್ತಿದ್ದೀರೋ, ಹಿಡಿದುಕೋ ಅನ್ನುತ್ತಿದ್ದೀರೋ ನನಗೆ ತಿಳಿಯುತ್ತಿರಲಿಲ್ಲ. ನಾನಂತೂ ಗಟ್ಟಿಯಾಗಿ ಹಿಡಿಯುತ್ತಿದ್ದೆ. ನಿಮ್ಮ ಅಂಗೈಯ ಬಿಸಿ ಇನ್ನೂ ಅದರಲ್ಲಿರುತ್ತಿತ್ತು.

ಅಪ್ಪನ ಕಾಲದಲ್ಲಿ ಹಣ ಕೊಡುವ ಪರಿ ನಿಮಗೆ ನೆನಪಿರಬೇಕು. ಬಿಲ್ಲುಗಳೆಲ್ಲ ಗೋಡೆಯ ತಂತಿಗೆ ಚುಚ್ಚಿಕೊಂಡು ನೇತಾಡುತ್ತಿದ್ದವು. ಅಳುವ ಮಗುವಿಗೇ ಹಾಲು ಎಂಬಂತೆ, ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಿದವರಿಗೆ ಮೊದಲು ಹಣ. ನೀವು ಕೇಳುತ್ತಲೇ ಇರಲಿಲ್ಲ, ಆದ್ದರಿಂದ ನಿಮ್ಮದು ಯಾವಾಗಲೂ ಕೊನೆಗೆ. ಬಟ್ಟೆಯವರು ಮಾತ್ರ ನಮ್ಮ ಬೋರ್ಡಿಗೆ ಬೆರಳು ತೋರಿಸಿ ರೇಗಿಸುತ್ತಿದ್ದರು. "ಬಾಗ್ಲಲ್ಲೇ ಇಷ್ಟು ದಪ್ಪಕ್ಷರದಲ್ಲಿ 'ಕೊಡೆ' ಅಂತ ಬರ್ಸಿದೀರಲ್ಲ ಯಜಮಾನ್ರೇ, ಕೊಡಲ್ಲ ಅಂತ ಮೊದ್ಲೇ ಹೇಳಿದ್ಮೇಲೆ ನಾವೇನ್ ಕೇಳೋದು?" ಅಪ್ಪ ನಕ್ಕು ಎಣಿಸಿ ಕೊಡುತ್ತಿದ್ದ. ಎಷ್ಟೇ ಕೊಟ್ಟರೂ ಕಡೆಗೆ ಒಂದು ನಾಣ್ಯವನ್ನು ಬೇಕೆಂದೇ ಹಿಂದಕ್ಕೆ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿಬಿಡುತ್ತಿದ್ದ. "ಒಂದು ಬಾಕಿ ಇದೆ" ಅನ್ನುತ್ತಿದ್ದ. ನೀವು "ಇರ್ಲಿ, ಬರ್ತೀನಿ" ಎಂದು ಚೀಲ ಕೊಡವಿಕೊಂಡು ಹೊರಡುತ್ತಿದ್ದಿರಿ. ದೊಡ್ಡವರ ತಮಾಷೆ ಎಂದುಕೊಂಡಿದ್ದೆ.

ಅಪ್ಪ ಹೋದ ಮೇಲೆ ಅಂಗಡಿ ನನ್ನ ಕೈಗೆ ಬಂತು. ತಂತಿಯಿಂದ ಬಿಲ್ಲುಗಳನ್ನು ಇಳಿಸಿ ನೋಡಿದರೆ ತಲೆ ತಿರುಗಿತು. ಒಂದೇ ಬಟ್ಟೆಯ ಸುರುಳಿಗೆ ಎರಡು ಸಲ ಹಣ ಹೋಗಿತ್ತು. ನಮ್ಮಲ್ಲಿ ಯಾರೂ ಕಣ್ಣಲ್ಲೂ ಕಾಣದ ಯಾರೋ ಒಬ್ಬರು ಸ್ಪ್ರಿಂಗ್ ಕೊಟ್ಟೆವೆಂದು ಬಿಲ್ಲು ಕಳಿಸಿ ಹಣ ಒಯ್ಯುತ್ತಲೇ ಇದ್ದರು. ಛತ್ರಿ ಮಾಡುವವರಿಗೇ ಛತ್ರಿ ಬುದ್ಧಿ ತೋರಿಸಿದ್ದರು! ಅವತ್ತೇ ಹೊಸ ಕಟ್ಟಳೆ ಮಾಡಿದೆ. ನಾವು ಕೇಳಿದ್ದರ ಚೀಟಿ, ಸಾಮಾನು ಬಂದಿಳಿದದ್ದರ ಚೀಟಿ, ನಿಮ್ಮ ಬಿಲ್ಲು, ಈ ಮೂರೂ ತಾಳೆಯಾಗಬೇಕು. ನಾನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತೇನೆ, ಹೊಲಿಗೆ ಯಂತ್ರದ ಮುಂದೆ ಕೂತ ಚಿಕ್ಕಮ್ಮ ನೋಡಿ ತನ್ನ ಫೋನಿನ ಮೇಲೆ ಹೆಬ್ಬೆರಳಿಡುತ್ತಾಳೆ. ಇಬ್ಬರ ಒಪ್ಪಿಗೆಯಿಲ್ಲದೆ ಬ್ಯಾಂಕಿನಿಂದ ಒಂದು ಕಾಸೂ ಅಲ್ಲಾಡುವುದಿಲ್ಲ. ಶುಕ್ರವಾರ ಬಂತೆಂದರೆ ಎಲ್ಲರಿಗೂ ಹಣ, ಕೇಳಲಿ ಬಿಡಲಿ. ಚಿಕ್ಕಮ್ಮ "ಇಷ್ಟು ಓದಿ ಕಡೆಗೆ ಹೆಬ್ಬೆಟ್ಟೇ ಆದೆ ನೋಡು" ಎಂದು ನಗುತ್ತಿದ್ದಳು. ನೀವಂತೂ "ಮೂರು ಚೀಟಿ ಜಾತಕ ಕೂಡಿದ್ರೆ ಮದ್ವೆನೂ ಮಾಡಿಸ್ತೀಯೇನೆ ಪುಟ್ಟಿ?" ಎಂದಿರಿ. ಆದರೆ ಮೊದಲ ಶುಕ್ರವಾರ ಹಣ ತಾನಾಗಿ ಬಂದಾಗ ನಿಮ್ಮ ಕಣ್ಣು ತುಂಬಿತ್ತಂತೆ, ಮಗಳು ಹೇಳಿದಳು. ನನ್ನ ಕಟ್ಟಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗಲೂ ಇದೆ.

ಒಂದೇ ಒಂದು ಕಿರಿಕಿರಿ. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಆ ಒಂದು ನಾಣ್ಯದ ಬಾಕಿ. ಮಾಡಿದ ಕೆಲಸ ಚೊಕ್ಕವಾಗಿರಬೇಕು ನನಗೆ. ಎಲ್ಲವನ್ನೂ ಸೊನ್ನೆಗೆ ತರಲು ಹೊರಟೆ. ಮುಗಿದ ಬಿಲ್ಲಿನ ಮೇಲೆ ಒತ್ತಲು ಒಂದು ಮುದ್ರೆಯನ್ನೂ ಮಾಡಿಸಿದೆ. ಮುದ್ರೆ ಮಾಡುವವನು "ಪಾವತಿಯಾಗಿದೆ ಅಂತ ಹಾಕ್ಲಾ?" ಎಂದು ಕೇಳಿದ. ಅಷ್ಟುದ್ದ ಯಾಕೆ, ಸಾಲ ತೀರಿದರೆ ತೀರಿತು, ಅದನ್ನೇ ಹಾಕು ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ನನಗೆ ಆಗಲೂ ಹೊಳೆಯಲಿಲ್ಲ ಮಾಮ. ಸಾಲವನ್ನೂ ಮನುಷ್ಯನನ್ನೂ ಒಂದೇ ಮಾತಿನಲ್ಲಿ ತೀರಿಸುವ ಭಾಷೆ ನಮ್ಮದು.

ಮೊದಲು ಬಟ್ಟೆಯವರ ಲೆಕ್ಕ ಸೊನ್ನೆಯಾಯಿತು. ಬಿಲ್ಲಿನ ಮೇಲೆ 'ತೀರಿತು' ಎಂದು ಒತ್ತಿ ಅವರ ಕೈಗೆ ಕೊಟ್ಟೆ. ಅವರು ತಮಾಷೆ ಮಾಡಲಿಲ್ಲ. ಬೋರ್ಡಿನ ಕಡೆಗೂ ನೋಡಲಿಲ್ಲ. ಬಿಲ್ಲನ್ನು ಮಡಚಿ ಜೇಬಿಗಿಟ್ಟು "ಹೋಗ್ತೀನಮ್ಮ" ಎಂದರು. ನಾನು ಪಟ್ಟಿಯಿಂದ ತಲೆಯೆತ್ತದೆ "ಹೂಂ, ಹೋಗಿ" ಎಂದೆ. ಅಷ್ಟು ಹೊತ್ತು ಗರಗರ ಎನ್ನುತ್ತಿದ್ದ ಚಿಕ್ಕಮ್ಮನ ಯಂತ್ರ ಥಟ್ಟನೆ ನಿಂತಿತು. "ಹಂಗನ್ಬೇಡಿ, ಬರ್ತೀನಿ ಅನ್ನಿ" ಎಂದು ಅವಳು ಕೂಗಿದಾಗ ಅವರಾಗಲೇ ರಸ್ತೆಯ ತಿರುವಿನಲ್ಲಿದ್ದರು. ಆ ವಾರವೇ ಅವರು ತೀರಿಕೊಂಡ ಸುದ್ದಿ ಬಂತು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯಿತ್ತು ಎಂದು ನಾನೇ ಚಿಕ್ಕಮ್ಮನಿಗೆ ಸಮಾಧಾನ ಹೇಳಿದೆ.

ಆಮೇಲೆ ಕಡ್ಡಿಯವರು. ಅವರಿಗೇನು ವಯಸ್ಸು, ನಿಮಗಿಂತ ಎಷ್ಟು ಚಿಕ್ಕವರು! ಶುಕ್ರವಾರ ಬೆಳಿಗ್ಗೆ ಅವರ ಲೆಕ್ಕ ಚುಕ್ತಾ ಮಾಡಿದೆ. ಮಧ್ಯಾಹ್ನ ಅವರ ಫೋನ್ ಬಂತು. ಕೆಲಸದ ಮಾತೇನೂ ಇರಲಿಲ್ಲ. "ಎಲ್ಲಾ ತೀರ್ತಲ್ಲಮ್ಮ. ಹಾಗಾದ್ರೆ ಹೋಗ್ತೀನಿ" ಎಂದರು. ಅವರ ಹಿಂದೆ ಯಾರೋ ಕೊಡೆ ಬಿಚ್ಚಿದ ಸದ್ದು, ಮತ್ತೆ ಮಡಚಿದ ಸದ್ದು. ನನ್ನ ಬಾಯಿಂದ ಮತ್ತೆ "ಹೂಂ" ಎಂದೇ ಬಂತು. ಆ ಮಾತು ಮನಸ್ಸನ್ನು ಕೊರೆಯುತ್ತಿತ್ತೆಂದು ಮರುದಿನ ಅವರ ಮನೆಗೆ ಹೋದರೆ ಅಂಗಳದ ತುಂಬ ಜನ. ಮಗ ಹೇಳಿದ, "ನಿನ್ನೆ ಬೆಳಿಗ್ಗೆ ದುಡ್ಡು ಬಂತು ಅಂತ ಮೆಸೇಜು ನೋಡಿ ನಗ್ತಾ ಇದ್ರು ಅಕ್ಕ. ಹಾಗೇ ಕುರ್ಚಿಗೆ ಒರಗಿದ್ರು. ಅಷ್ಟೇ." ಮಧ್ಯಾಹ್ನ ನನಗೆ ಫೋನ್ ಮಾಡಿದ್ದರಲ್ಲ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಅಪ್ಪನ ಫೋನು ನಿನ್ನೆ ಬೆಳಿಗ್ಗೆಯಿಂದ ತನ್ನ ಜೇಬಲ್ಲೇ ಇದೆ, ಯಾರೂ ಮುಟ್ಟಿಲ್ಲ ಎಂದ.

ಮಾಮ, ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಮುಂದಿನ ಶುಕ್ರವಾರ ನಿಮ್ಮ ಹೆಸರು ಪಟ್ಟಿಯ ಮೇಲೆ ಬಂದಾಗ ಕಂಪ್ಯೂಟರಿನಿಂದ ಕೈ ಹಿಂದಕ್ಕೆ ತೆಗೆದೆ. ಚಿಕ್ಕಮ್ಮ ಫೋನನ್ನೇ ದೂರ ತಳ್ಳಿ "ನಾನು ಬೆರಳಿಡಲ್ಲ, ಏನ್ ಬೇಕಾದ್ರೂ ಮಾಡ್ಕೋ" ಎಂದಳು. ನನ್ನ ಎರಡು ಒಪ್ಪಿಗೆಯ ಕಟ್ಟಳೆ ಅವತ್ತು ಕಳ್ಳರನ್ನಲ್ಲ, ನನ್ನನ್ನೇ ತಡೆಯಿತು. ಮುದ್ರೆಯನ್ನು ಕಲ್ಲಿನಿಂದ ಜಜ್ಜಿ ಎಸೆದೆ. ನಿಮ್ಮ ಹೆಸರಿನ ಮುಂದೆ 'ತಡೆ' ಎಂದು ಗುರುತು ಹಾಕಿದೆ. ಅದರ ಮರುದಿನ ನೀವು ಹಾಸಿಗೆ ಹಿಡಿದಿರೆಂದು ತಿಳಿಯಿತು.

ಅಂದಿನಿಂದ ಈ ಅಂಗಡಿ ಮೊದಲಿನಂತಿಲ್ಲ. ಹಾಡಹಗಲು, ಫ್ಯಾನ್ ನಿಲ್ಲಿಸಿದ್ದರೂ, ಸರಳಿಗೆ ತೂಗುಹಾಕಿದ ಕೊಡೆಗಳಲ್ಲಿ ನೀವು ಕಡೆದ ಹಿಡಿಯವು ಮಾತ್ರ ಮೆಲ್ಲಗೆ ಅಲ್ಲಾಡುತ್ತವೆ. ಮುಟ್ಟಿದರೆ ಬೆಚ್ಚಗಿರುತ್ತವೆ, ಈಗಷ್ಟೇ ಯಾರೋ ಬಿಟ್ಟು ಎದ್ದುಹೋದ ಹಾಗೆ. ಪ್ರತಿ ಶುಕ್ರವಾರ ಪಟ್ಟಿ ತೆರೆದರೆ ನಾನು ಹಾಕಿದ ತಡೆ ಅಳಿಸಿಹೋಗಿ ನಿಮ್ಮ ಹೆಸರು ಎಲ್ಲಕ್ಕಿಂತ ಮೇಲೆ, ಒಪ್ಪಿಗೆಯ ಗುರುತಿನೊಂದಿಗೆ ಕೂತಿರುತ್ತದೆ. ತೆಗೆಯುತ್ತೇನೆ. ಮತ್ತೆ ಬಂದಿರುತ್ತದೆ. ಕಂಪ್ಯೂಟರಿನವನನ್ನು ಕರೆಸಿದೆ. ಎಲ್ಲ ಸರಿಯಾಗಿದೆ, ನೀವೇ ಒತ್ತಿರಬೇಕು ಎಂದು ಹೇಳಿ ತನ್ನ ಬಿಲ್ಲು ಕೊಟ್ಟು ಹೋದ. ಅವನಿಗೂ ಒಂದು ನಾಣ್ಯ ಕಡಿಮೆ ಕೊಟ್ಟೆ. ಪಾಪ, ಯುವಕ.

ನೀವು ಕೇಳುತ್ತಿರುವುದು ಹಣವಲ್ಲ ಎಂದು ನನಗೆ ಗೊತ್ತು. ನಿಮಗೆ ನೋವಿದೆ, ಸಾಕಾಗಿದೆ, ಹೊರಡಬೇಕಾಗಿದೆ. ಬಾಗಿಲಿಗೆ ಅಡ್ಡ ನಿಂತವಳು ನಾನು. ನಿನ್ನೆ ಚಿಕ್ಕಮ್ಮ ನೂಲು ಕಡಿಯುತ್ತಾ ಹೇಳಿದಳು, "ಹಿಡಿದಿಟ್ಕೊಳ್ಳೋದು ಪ್ರೀತೀನೋ ಹಿಂಸೇನೋ, ಸ್ವಲ್ಪ ಯೋಚ್ನೆ ಮಾಡು. ಹೋಗಿ ಕೈಯಾರೆ ಕೊಡು. ಆದ್ರೆ ಅವರ ಕೈಯಿಂದ ಏನಾದ್ರೂ ಸಾಲ ಇಸ್ಕೊಂಡು ಬಾ. ಋಣ ಉಳೀಲಿ." ರಾತ್ರಿಯೆಲ್ಲ ಅಳುತ್ತಲೇ ಇದ್ದೆ ಮಾಮ. ಅಪ್ಪ ಹೋದಾಗ ಅಂಗಡಿಯ ಗಡಿಬಿಡಿಯಲ್ಲಿ ಅಳಲು ಪುರುಸೊತ್ತಾಗಿರಲಿಲ್ಲ, ಅದೂ ಸೇರಿ ಬಂತು. ನಾಳೆ ಆ ನಾಣ್ಯ ಹಿಡಿದುಕೊಂಡು ನಾನೇ ಬರುತ್ತೇನೆ. ನಿಮ್ಮ ಮಂಚದ ಪಕ್ಕದ ಊರುಗೋಲಿನ ಹಿಡಿಯನ್ನು ಸಾಲವಾಗಿ ಕೇಳುತ್ತೇನೆ, ಇಲ್ಲ ಎನ್ನಬೇಡಿ. ಆಮೇಲೆ ನಿಮ್ಮಿಷ್ಟ.

ಇಷ್ಟು ಬರೆಯುವ ಹೊತ್ತಿಗೆ ನನ್ನ ಫೋನಿಗೆ ಬ್ಯಾಂಕಿನ ಮೆಸೇಜು ಬಂದಿದೆ. ನಿಮ್ಮ ಖಾತೆಗೆ ಆ ಒಂದು ನಾಣ್ಯದ ಬಾಕಿ ಸಂದಾಯವಾಗಿದೆಯಂತೆ. ನಾನು ಪಟ್ಟಿ ತೆರೆದೇ ಇಲ್ಲ. ಚಿಕ್ಕಮ್ಮ ನನ್ನೆದುರೇ ಎರಡೂ ಕೈಗಳಿಂದ ಕಪ್ಪು ಬಟ್ಟೆ ಹಿಡಿದು ಹೊಲಿಯುತ್ತಿದ್ದಾಳೆ. ಅವಳ ಫೋನು ನನ್ನ ಮೊಣಕೈಯ ಪಕ್ಕದಲ್ಲಿದೆ. ಸರಳಿನ ಮೇಲಿನ ಕೊಡೆಗಳು ಒಮ್ಮೆಗೇ ಅಲ್ಲಾಡುವುದನ್ನು ನಿಲ್ಲಿಸಿವೆ.

ಈಗ ಫೋನ್ ಹೊಡೆದುಕೊಳ್ಳುತ್ತಿದೆ. ನಿಮ್ಮ ಹೆಸರು ತೋರಿಸುತ್ತಿದೆ. ನಿಮ್ಮ ಮಗಳೇ ಇರಬಹುದು, ಕಡೆಗೂ ಕೊಟ್ಟೆಯಲ್ಲ ಎಂದು ಹೇಳಲು. ಇಲ್ಲದೆಯೂ ಇರಬಹುದು. ಯಾರೇ ಇರಲಿ, ಈ ಸಲ ನಾನು ಹೂಂ ಅನ್ನುವುದಿಲ್ಲ. ನೀವು ಬಾಯಿ ತೆರೆಯುವ ಮೊದಲೇ ನನ್ನ ಆರ್ಡರ್ ಹೇಳಿಬಿಡುತ್ತೇನೆ. ಒಂದು ಹಿಡಿ ಬೇಕು ಮಾಮ, ಯಾವ ಮರದ್ದಾದರೂ ಸರಿ, ಯಾವತ್ತು ಕೊಟ್ಟರೂ ಸರಿ. ಮುಂಗಡ ಇಲ್ಲ, ಪೂರ್ತಿ ಸಾಲ.

ಎತ್ತುತ್ತಿದ್ದೇನೆ. ನಿಮ್ಮ ನೋವೆಲ್ಲ ಇಳಿಯಲಿ, ನಿಮ್ಮ ಅಂಗೈ ಬೆಚ್ಚಗಿರಲಿ. ಹೊರಡುವುದೇ ಆದರೆ, ಬರ್ತೀನಿ ಅಂತ ಹೇಳಿ ಹೊರಡಿ.

ನಿಮಗೆ ಯಾವತ್ತೂ ಬಾಕಿ ಇರುವ,
ಕೊಡೆ ಅಂಗಡಿಯ ಪುಟ್ಟಿ